ಸಸಿ ನೆಟ್ಟ ಫೋಟೊ ಸಾಲದು, ಸಹಿ ಹಾಕಿದ ಮಾತು ಬೇಕು

ಗ್ರಾಮ ಪಂಚಾಯಿತಿ ಚುನಾವಣೆ: ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮತದಾರರಲ್ಲಿ ಮನವಿ



ಪಂಚಾಯಿತಿ ಚುನಾವಣೆ ಬಂತೆಂದರೆ ನಮ್ಮ ಊರುಗಳಲ್ಲಿ ಜಾತಿಯ ಲೆಕ್ಕ, ಬೀದಿಯ ಲೆಕ್ಕ, ನೆಂಟಸ್ತಿಕೆಯ ಲೆಕ್ಕ ಶುರುವಾಗುತ್ತದೆ. ರಾತ್ರಿ ಬಾಡೂಟ, ಬೆಳಿಗ್ಗೆ ಕೈಗೆ ಕವರು. ಏನು ಮಾಡುತ್ತೀರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಸಿಸಿ ರಸ್ತೆ, ಚರಂಡಿ, ಇನ್ನೊಂದು ಬೋರು. ಊರ ಕೆರೆ ಏನಾಗಬೇಕು, ಗೋಮಾಳ ಯಾರ ಕೈಲಿದೆ, ಕಸ ಎಲ್ಲಿಗೆ ಹೋಗುತ್ತದೆ ಎಂದು ಮತ ಕೇಳಲು ಬಂದವರನ್ನು ನಾವು ನಿಲ್ಲಿಸಿ ಕೇಳುವುದಿಲ್ಲ. ನಾವು ಕೇಳದ್ದನ್ನು ಅವರೂ ಹೇಳುವುದಿಲ್ಲ.

ಈ ಸಲ ಕೇಳೋಣ. ಕೆರೆ, ಅಂತರ್ಜಲ, ಗೋಮಾಳ, ಕಸ ಈ ನಾಲ್ಕರ ಬಗ್ಗೆ ಏನು ಮಾಡುತ್ತೇನೆಂದು ಬರೆದು ಸಹಿ ಹಾಕಿದವರಿಗಷ್ಟೇ ನಮ್ಮ ಮತ ಎಂದು ನಿರ್ಧರಿಸೋಣ. ಈ ಕರಪತ್ರ ಯಾವ ಪಕ್ಷದ್ದೂ ಅಲ್ಲ. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯೇ ಇಲ್ಲ. ಹಾಗಾಗಿ ಅಭ್ಯರ್ಥಿ ಯಾವ ಬಾವುಟದ ಹಿಂದೆಯೂ ಅಡಗಲಾರರು. ಅವರು ಕೊಡುವ ಮಾತೇ ಅವರ ಪ್ರಣಾಳಿಕೆ.

ಪರಿಸರ ದೊಡ್ಡವರ ವಿಷಯ ಎನ್ನುವವರಿಗೆ

ನದಿಯಿಲ್ಲದ ಜಿಲ್ಲೆಗಳು ನಮ್ಮವು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಈ ನೆಲದಲ್ಲಿ ಹಿಂದಿನವರು ಎರಡೂ ಜಿಲ್ಲೆ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ, ಕುಂಟೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹೀಗೆ ಊರಿಂದೂರಿಗೆ ಸರಪಳಿ. ನೀರು ಬಿಡಲು ನೀರುಗಂಟಿ, ಹೂಳು ತೆಗೆಯಲು ಊರೊಟ್ಟು, ಏರಿ ಕಾಯಲು ಎಲ್ಲರ ಕಣ್ಣು.

ಇವತ್ತು ಕೆರೆಗೆ ನೀರು ತರುವ ರಾಜಕಾಲುವೆಯನ್ನೇ ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ. ಅಂಗಳದಲ್ಲಿ ಜಾಲಿ ಬೆಳೆದಿದೆ. ಮಣ್ಣು ಇಟ್ಟಿಗೆ ಗೂಡಿಗೆ ಹೋಗಿದೆ, ತೂಬು ಒಡೆದಿದೆ. ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಮೇಲೆ ನಿಲ್ಲದ ನೀರನ್ನು ನೆಲದೊಳಗೆ ಹುಡುಕುತ್ತ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಆಳಕ್ಕೆ ಹೋದಷ್ಟೂ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಅದರ ಮಿತಿ. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಮಂಡಿ, ಬೆನ್ನು ನೋವು ನಮಗೆ ಹೊಸದಲ್ಲ. ಒಂದು ಬೋರು ಕೈಕೊಟ್ಟರೆ ರೈತನ ಮನೆ ಸಾಲಕ್ಕೆ ಬೀಳುತ್ತದೆ. ಇದೆಲ್ಲ ಪರಿಸರದ ವಿಷಯವೇ. ಅನುಭವಿಸುತ್ತಿರುವವರು ನಾವು.

ಮೆಂಬರಿಗೆ ಏನು ಅಧಿಕಾರ?

"ನಮ್ಮ ಕೈಲಿ ಏನಿದೆ ಸ್ವಾಮಿ, ಎಲ್ಲ ಮೇಲಿನವರದ್ದು" ಎನ್ನುವ ಮಾತು ಗೆದ್ದ ಮೇಲೆ ಬರುತ್ತದೆ. ಅದಕ್ಕೆ ಈಗಲೇ ಉತ್ತರ ತಿಳಿದಿರಲಿ.

ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಅದರ ಜೊತೆ ಬಂದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಸಣ್ಣ ನೀರಾವರಿ ಮತ್ತು ಜಲಾನಯನ, ಸಾಮಾಜಿಕ ಅರಣ್ಯ, ಕುಡಿಯುವ ನೀರು, ಸೌದೆ ಮತ್ತು ಮೇವು, ನೈರ್ಮಲ್ಯ, ಊರ ಸಾಮೂಹಿಕ ಆಸ್ತಿಗಳ ರಕ್ಷಣೆ ಎಲ್ಲವೂ ಆ ಪಟ್ಟಿಯಲ್ಲಿವೆ. ಅದೇ ವರ್ಷ ನಮ್ಮ ರಾಜ್ಯ ಪಂಚಾಯತ್ ರಾಜ್ ಕಾಯ್ದೆಯನ್ನೂ ಮಾಡಿತು.

ಅಚ್ಚುಕಟ್ಟು 40 ಹೆಕ್ಟೇರಿನೊಳಗಿನ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ ಸೇರಿದವು. ನಮ್ಮ ಊರುಗಳ ಹೆಚ್ಚಿನ ಕೆರೆಗಳು ಈ ಲೆಕ್ಕಕ್ಕೇ ಬರುತ್ತವೆ.

ಜೀವವೈವಿಧ್ಯ ಕಾಯ್ದೆ 2002ರಲ್ಲಿ ಬಂತು. ಅದರ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಮರ, ಗಿಡ, ಬೀಜ, ದನದ ತಳಿ, ಕೆರೆ, ಗುಂಡುತೋಪು ಎಲ್ಲವನ್ನೂ ದಾಖಲಿಸಬೇಕು. ವ್ಯಾಪಾರಕ್ಕಾಗಿ ಇವನ್ನು ಒಯ್ಯುವವರಿಂದ ಶುಲ್ಕ ಕೇಳುವ ಹಕ್ಕೂ ಆ ಸಮಿತಿಗಿದೆ. ನಿಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆ? ಹಳೆಯ ಮೆಂಬರನ್ನೇ ಕೇಳಿ ನೋಡಿ.

ದುಡ್ಡಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂಬ ಷರತ್ತಿತ್ತು. ಮಳೆನೀರು ಕೊಯ್ಲು ಕೂಡ ಅದರೊಳಗೇ ಬರುತ್ತಿತ್ತು. ಆ ಹಣ ನಿಮ್ಮ ಊರಲ್ಲಿ ಏನಾಯಿತು ಎಂಬ ಲೆಕ್ಕ ಪಂಚಾಯಿತಿ ಕಚೇರಿಯಲ್ಲಿದೆ. ಅದನ್ನು ಕೇಳುವುದು ನಿಮ್ಮ ಹಕ್ಕು.

ಪಂಚಾಯಿತಿಯ ಕೈಯಲ್ಲಿ ಇಲ್ಲದ್ದೂ ಇದೆ. ಕಲ್ಲು ಕ್ವಾರಿಗೆ ಗುತ್ತಿಗೆ ಕೊಡುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಒತ್ತುವರಿ ತೆರವು ಮಾಡಿಸುವುದು ತಹಶೀಲ್ದಾರರು. "ಗೆದ್ದ ಮರುದಿನ ಕ್ವಾರಿ ಮುಚ್ಚಿಸ್ತೀನಿ" ಎನ್ನುವವರು ತಮ್ಮದಲ್ಲದ ಅಧಿಕಾರದ ಮೇಲೆ ಆಣೆ ಇಡುತ್ತಿದ್ದಾರೆ. ಆದರೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸುವುದು, ಹದ್ದುಬಸ್ತು ಸರ್ವೆಗೆ ಅರ್ಜಿ ಹಾಕುವುದು, ಆ ಕಾಗದದ ಹಿಂದೆ ಬಿದ್ದು ಕಚೇರಿ ಸುತ್ತುವುದು ಮೆಂಬರಿನ ಕೆಲಸ. ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರುವರಿಯಲ್ಲಿ ಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಸಿಡಿಮದ್ದಿನ ದನಿ ದಿನಾ ಕೇಳುವ ಊರಿನಲ್ಲಿ ಅದರ ಬಗ್ಗೆ ಮೊದಲು ಕಾಗದ ಬರೆಯಬೇಕಾದವರು ಊರಿನ ಮೆಂಬರೇ.

ಮಾಡಿದವರು ಇದ್ದಾರೆ

ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಹಿವರೆ ಬಜಾರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ನಮ್ಮ ಕೋಲಾರಕ್ಕಿಂತ ಕಡಿಮೆ. ನೀರಿಲ್ಲದೆ ಜನ ಗುಳೆ ಹೋಗುತ್ತಿದ್ದ ಊರು ಅದು. ಪೋಪಟ್‌ರಾವ್ ಪವಾರ್ ಸರಪಂಚರಾದ ಮೇಲೆ ಊರೇ ಕೂತು ಕಟ್ಟಳೆ ಮಾಡಿಕೊಂಡಿತು: ಬೇಸಾಯಕ್ಕೆ ಬೋರ್‌ವೆಲ್ ಇಲ್ಲ, ಗುಡ್ಡದಲ್ಲಿ ಮರ ಕಡಿಯುವಂತಿಲ್ಲ, ದನ ಬಿಟ್ಟು ಮೇಯಿಸುವಂತಿಲ್ಲ, ನೀರು ಹೀರುವ ಕಬ್ಬು ಬೆಳೆಯುವಂತಿಲ್ಲ. ಪ್ರತಿ ವರ್ಷ ಬಿದ್ದ ಮಳೆಯನ್ನು ಅಳೆದು, ಕುಡಿಯಲು ಎಷ್ಟು ಬೇಕೆಂದು ಮೊದಲು ತೆಗೆದಿಟ್ಟು, ಉಳಿದ ನೀರಿಗೆ ತಕ್ಕ ಬೆಳೆಯನ್ನು ಗ್ರಾಮಸಭೆ ನಿರ್ಧರಿಸುತ್ತದೆ. ಪಟ್ಟಣ ಸೇರಿದ್ದ ಕುಟುಂಬಗಳು ವಾಪಸ್ಸು ಬಂದವು. ಪವಾರ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು.

ಕೇರಳದ ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿ ಪಂಚಾಯಿತಿ ಪ್ಲಾಚಿಮಡದ ಕೋಕಾ ಕೋಲಾ ಕಾರ್ಖಾನೆಯ ಪರವಾನಗಿಯನ್ನು 2003ರಲ್ಲಿ ನವೀಕರಿಸಲು ಒಪ್ಪಲಿಲ್ಲ. ಊರಿನ ಬಾವಿಗಳು ಕೆಟ್ಟವು ಎಂಬುದು ಅದರ ಕಾರಣ. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಹೈಕೋರ್ಟಿನ ಒಂದು ತೀರ್ಪು ಪಂಚಾಯಿತಿ ಪರ, ಇನ್ನೊಂದು ಕಂಪನಿ ಪರ. ಆದರೆ 2004ರಲ್ಲಿ ನಿಂತ ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಲೋಕದಾದ್ಯಂತ ವ್ಯಾಪಾರ ಮಾಡುವ ಕಂಪನಿಗೆ ಎದುರು ನಿಂತದ್ದು ಒಂದು ಹಳ್ಳಿಯ ಪಂಚಾಯಿತಿ.

ಕಸದ ವಿಷಯಕ್ಕೆ ರಾಜ್ಯ ದಾಟಬೇಕಿಲ್ಲ. ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯಿತಿ ಮನೆಮನೆಯಿಂದ ಹಸಿ, ಒಣ ಕಸ ಬೇರೆ ಮಾಡಿ ತಂದು, ಒಣಕಸ ಮಾರಿ ಆದಾಯ ಮಾಡಿ ಬೇರೆ ಪಂಚಾಯಿತಿಗಳಿಗೆ ದಾರಿ ತೋರಿಸಿತು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೇ ಕಡೆ ವಿಂಗಡಿಸುವ ಘಟಕವಿದೆ. ನಮ್ಮ ಕಡೆಯೂ ಸ್ವಚ್ಛ ಸಂಕೀರ್ಣದ ಕಟ್ಟಡಗಳು ಎದ್ದಿವೆ, ಸ್ವಚ್ಛವಾಹಿನಿ ಗಾಡಿಗಳು ಬಂದಿವೆ. ಎಷ್ಟು ಕಟ್ಟಡಕ್ಕೆ ಬೀಗ, ಎಷ್ಟು ಗಾಡಿ ಮೂಲೆಯಲ್ಲಿ ನಿಂತಿವೆ ಎಂದು ನೀವೇ ಹೋಗಿ ನೋಡಿ. ಕೆರೆ ಏರಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಸುಡುವ ಹೊಗೆ ಏಳುತ್ತಿದ್ದರೆ ಉತ್ತರ ಸಿಕ್ಕಿದಂತೆಯೇ.

ಎದುರು ಬರುವ ಮಾತುಗಳು

"ಕೆ.ಸಿ. ವ್ಯಾಲಿ ನೀರು ಬಂದಿದೆಯಲ್ಲ, ಇನ್ನೇನು?" ಎನ್ನುವವರಿದ್ದಾರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದಾಗ ನಾವೂ ಹಿಗ್ಗಿದೆವು. ಒಣಗಿದ್ದ ಬೋರುಗಳಿಗೆ ಜೀವ ಬಂದ ಊರುಗಳೂ ಇವೆ. ಆದರೆ ಅದು ಎರಡು ಹಂತದಲ್ಲಷ್ಟೇ ಸಂಸ್ಕರಿಸಿದ ನೀರು. ಮೂರನೇ ಹಂತದ ಸಂಸ್ಕರಣೆ ಬೇಕೆಂದು ಹೋರಾಟಗಾರರು ಅಂದಿನಿಂದ ಕೇಳುತ್ತಲೇ ಇದ್ದಾರೆ. ನಮ್ಮ ಕೆರೆಗೆ ಬರುವ ನೀರನ್ನು ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸುವಷ್ಟಾದರೂ ನಮ್ಮ ಮೆಂಬರು ಮಾಡಬೇಕು. ಪೈಪಿನ ನೀರು ಬಂತೆಂದು ಮಳೆನೀರಿನ ರಾಜಕಾಲುವೆ ಮುಚ್ಚಿಕೊಂಡರೆ ನಾಳೆ ಪೈಪು ನಿಂತ ದಿನ ಎರಡೂ ಇಲ್ಲ.

"ಒತ್ತುವರಿ ಬಿಡಿಸಿದರೆ ಬಡವರ ಗತಿ?" ಎನ್ನುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯ ಕೆರೆಯನ್ನು ತುಂಬಿಸಿ ಮನೆ ಕಟ್ಟಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಕೊಟ್ಟ ತೀರ್ಪು ಇದಕ್ಕೆ ದಾರಿ ಹೇಳಿದೆ. ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವುಗೊಳಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕು. ಎಷ್ಟು ವರ್ಷದಿಂದ ಅನುಭವದಲ್ಲಿದೆ, ಎಷ್ಟು ಖರ್ಚು ಮಾಡಿದ್ದಾರೆ ಎಂಬುದು ಸಕ್ರಮಕ್ಕೆ ಕಾರಣವಾಗಬಾರದು ಎಂದಿತು. ಭೂಹೀನ ಕೂಲಿಗಳಿಗೆ, ಪರಿಶಿಷ್ಟರಿಗೆ ಸರ್ಕಾರ ಜಮೀನು ಕೊಟ್ಟಿದ್ದರೆ ಅಂಥಲ್ಲಿ ವಿನಾಯಿತಿಗೂ ಅವಕಾಶ ಇಟ್ಟಿತು. ಹಾಗಾಗಿ ಸರ್ವೆ ದೊಡ್ಡ ಒತ್ತುವರಿಯಿಂದ ಶುರುವಾಗಲಿ. ಗೋಮಾಳ ಹೋದರೆ ಮೊದಲು ಕೆಡುವುದು ಎರಡು ಕುರಿ, ಒಂದು ಹಸು ಇರುವ ಬಡವರ ಬದುಕೇ.

"ಸಸಿ ನೆಡಿಸಿದ್ದೀನಲ್ಲ" ಎನ್ನುವವರಿಗೆ ಒಂದೇ ಮರುಪ್ರಶ್ನೆ: ಹೋದ ವರ್ಷ ನೆಟ್ಟವು ಎಷ್ಟು ಬದುಕಿವೆ? ಯಾವ ಗಿಡ ನೆಟ್ಟಿರಿ? ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ. ಗುಂಡುತೋಪಿಗೆ ಬೇಕಾದದ್ದು ಹೊಂಗೆ, ಹುಣಸೆ, ನೇರಳೆ, ಮಾವು, ಬೇವು.

ಕೇಳಲೇಬೇಕಾದ ಎಂಟು ಪ್ರಶ್ನೆಗಳು

1. ನಮ್ಮ ಪಂಚಾಯಿತಿಯ ಕೆರೆ, ಕುಂಟೆ, ಗೋಕಟ್ಟೆಗಳ ಸರ್ವೆ ನಂಬರು ನಿಮಗೆ ಗೊತ್ತೇ? ಮೊದಲ ವರ್ಷದಲ್ಲೇ ಹದ್ದುಬಸ್ತಿಗೆ ಅರ್ಜಿ ಹಾಕುತ್ತೀರಾ?

2. ಮಳೆಗಾಲಕ್ಕೆ ಮುಂಚೆ ರಾಜಕಾಲುವೆ, ತೂಬು, ಕೋಡಿ ಸರಿಮಾಡಿಸುವ ಕೆಲಸವನ್ನು ವರ್ಷದ ಕ್ರಿಯಾಯೋಜನೆಗೆ ಸೇರಿಸುತ್ತೀರಾ?

3. ತೆಗೆದ ಹೂಳು ಅಚ್ಚುಕಟ್ಟಿನ ರೈತರ ಹೊಲಕ್ಕೆ ಹೋಗುತ್ತದೋ, ಇಟ್ಟಿಗೆ ಗೂಡಿಗೋ?

4. ಹೊಸ ಬೋರ್‌ವೆಲ್‌ಗೆ ಮುಂಚೆ ಬತ್ತಿದ ಬೋರ್‌ವೆಲ್‌ಗಳಿಗೆ ಮರುಪೂರಣ ಮಾಡಿಸುತ್ತೀರಾ? ಶಾಲೆ, ಅಂಗನವಾಡಿ, ಪಂಚಾಯಿತಿ ಕಟ್ಟಡಗಳಿಗೆ ಮಳೆನೀರು ಕೊಯ್ಲು ಯಾವಾಗ?

5. ಕುಡಿಯುವ ನೀರಿನ ಪರೀಕ್ಷೆಯ ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತೀರಾ? ಶುದ್ಧ ನೀರಿನ ಘಟಕ ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ?

6. ಸ್ವಚ್ಛ ಸಂಕೀರ್ಣ ನಡೆಸುವ ಹೆಣ್ಣುಮಕ್ಕಳಿಗೆ ತಿಂಗಳು ತಿಂಗಳು ಸಂಬಳ ಸಿಗುವಂತೆ ನೋಡಿಕೊಳ್ಳುತ್ತೀರಾ?

7. ಜೀವವೈವಿಧ್ಯ ಸಮಿತಿಯ ಸಭೆ ಕರೆಸುತ್ತೀರಾ? ಅದರಲ್ಲಿ ಕುರಿಗಾಹಿಗಳು, ರೈತ ಹೆಂಗಸರು, ನಾಟಿ ವೈದ್ಯರು ಇರುತ್ತಾರಾ?

8. ಮೀನು ಪಾಶುವಾರು, ಮರದ ಫಸಲು, ಮಣ್ಣು, ಮರಳು ಇವುಗಳಿಂದ ಪಂಚಾಯಿತಿಗೆ ಬರುವ ಹಣದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳುತ್ತೀರಾ?

ಮಹಿಳಾ ಮೀಸಲು ಕ್ಷೇತ್ರವಾದರೆ ಪ್ರಶ್ನೆಯನ್ನು ಅಭ್ಯರ್ಥಿ ಅಮ್ಮನನ್ನೇ ಕೇಳಿ, ಪಕ್ಕದಲ್ಲಿ ನಿಂತ ಯಜಮಾನರನ್ನಲ್ಲ. ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಹೆಂಗಸರವು. ಕೊಡ ಹೊತ್ತವರಿಗೆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ.

ಕವರಿನ ಲೆಕ್ಕ

2020ರ ಡಿಸೆಂಬರ್‌ನ ಪಂಚಾಯಿತಿ ಚುನಾವಣೆಯಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಲಕ್ಷಗಟ್ಟಲೆ ಸುರಿದು ಗೆದ್ದವರು ಅದನ್ನು ಎಲ್ಲಿಂದ ವಾಪಸ್ಸು ತೆಗೆಯುತ್ತಾರೆ? ಮೆಂಬರಿನ ಗೌರವಧನದಿಂದ ಆಗುವ ಮಾತಲ್ಲ. ಕೆರೆಯ ಮಣ್ಣು, ಹಳ್ಳದ ಮರಳು, ಗೋಮಾಳದ ಸೈಟು, ಅರ್ಧ ಮಾಡಿ ಪೂರ್ತಿ ಬಿಲ್ಲು ಎತ್ತಿದ ಕಾಮಗಾರಿ, ಇಲ್ಲಿಂದಲೇ. ಕವರಿನಲ್ಲಿ ನಮಗೆ ಕೊಟ್ಟದ್ದು ನಮ್ಮ ಕೆರೆಯದೇ ದುಡ್ಡು.

ಈಗ ಮಾಡಬೇಕಾದ್ದು

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಇಷ್ಟು ಚಿಕ್ಕ ಕ್ಷೇತ್ರದಲ್ಲಿ ಹತ್ತಿಪ್ಪತ್ತು ಮತ ಸೋಲು ಗೆಲುವನ್ನು ತಿರುಗಿಸುತ್ತದೆ. ಹತ್ತು ಮನೆಯವರು ಒಂದಾಗಿ ಕೇಳಿದರೆ ಯಾವ ಅಭ್ಯರ್ಥಿಯೂ ತಳ್ಳಿಹಾಕಲಾರರು.

ಮತ ಕೇಳಲು ಬಂದವರ ಮುಂದೆ ಈ ಕರಪತ್ರ ಹಿಡಿಯಿರಿ. ಎಂಟು ಪ್ರಶ್ನೆಗೂ ಉತ್ತರವನ್ನು ಪಕ್ಕದಲ್ಲಿ ಬರೆಸಿ, ಹೆಸರು, ವಾರ್ಡು, ತಾರೀಕು ಹಾಕಿಸಿ ಸಹಿ ತೆಗೆದುಕೊಳ್ಳಿ. ಒಂದು ಪ್ರತಿ ಅವರಿಗೆ, ಒಂದು ನಿಮಗೆ. ಎಲ್ಲ ಅಭ್ಯರ್ಥಿಗಳ ಉತ್ತರವನ್ನೂ ಅರಳಿಕಟ್ಟೆಯಲ್ಲಿ, ಡೇರಿಯ ಮುಂದೆ ಓದಿ ಹೇಳಿ. ಗೆದ್ದವರ ಪ್ರತಿಯನ್ನು ಜೋಪಾನ ಮಾಡಿ ಆರು ತಿಂಗಳಿಗೊಮ್ಮೆ ನಡೆಯಬೇಕಾದ ಗ್ರಾಮಸಭೆಗೆ ತನ್ನಿ. ಜಮಾಬಂದಿಗೂ ತನ್ನಿ. ಒಂದೊಂದೇ ಪ್ರಶ್ನೆ ಓದಿ, ಏನಾಯಿತು ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಲು ಪಿಡಿಒ ಅವರಿಗೆ ಹೇಳಿ.

ಸಹಿ ಹಾಕಲು ಹಿಂಜರಿದವರಿಗೆ ಮತ ಹಾಕಬೇಡಿ, ಅವರು ನಿಮ್ಮ ನೆಂಟರೇ ಆಗಿರಲಿ, ನಿಮ್ಮ ಜಾತಿಯವರೇ ಆಗಿರಲಿ. ಸಹಿ ಹಾಕಿದವರನ್ನು ಐದು ವರ್ಷ ಬಿಡಬೇಡಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಗೆ ಕೊಡಿ.

ಇಂತಿ,
ನಿಮ್ಮ ನೆರೆಯ ಮತದಾರರು