ಹೆಚ್ಚು ಪ್ರೆಷರ್ ಅಂದ್ರೆ ಹೆಚ್ಚು ಒಳ್ಳೇದಾ?

ಈ ಸಂಚಿಕೆಗೆ ಒಂದು ಕವಿತೆ ಕೊಡಿ ಅಂತ ಕನ್ನಡ ಸಂಘದವರು ಕೇಳಿದ್ರು. ನಮ್ಮ ಹತ್ರ ಕವಿತೆ ಇಲ್ಲ, ಒಂದು ಹಳೇ ಅಂಬಾಸಿಡರ್ ಇದೆ. ಅದರ ಬಗ್ಗೇನೇ ಬರೀತಿದ್ದೀವಿ. ಟೀಮಿನ ಐದೂ ಜನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಒತ್ತಕ್ಷರ ತಪ್ಪಿದ್ರೆ ಸುಧಾರಿಸಿಕೊಳ್ಳಿ.

ಕಾರು ನಮ್ಮಲ್ಲೊಬ್ಬನ ಅಜ್ಜಂದು. ಬಾದಾಮಿಗೆ ಬರೋ ಪ್ರವಾಸಿಗಳನ್ನ, ಇಳಕಲ್ ಸೀರೆ ವ್ಯಾಪಾರಿಗಳನ್ನ ಅದರಲ್ಲಿ ಕೂರಿಸಿಕೊಂಡು ಅವರು ಬಾಡಿಗೆ ಹೊಡೀತಿದ್ರು. ಪೆಟ್ರೋಲ್ ಎಂಜಿನ್ ಕೈಕೊಟ್ಟ ಮೇಲೆ ಕಾರು ಹುನಗುಂದದ ಮನೆ ಹಿಂದೆ ತಗಡಿನ ಶೆಡ್ಡಿನಲ್ಲಿ ನಿಂತುಬಿಟ್ಟಿತ್ತು. "ಈ ಸೆಮ್ ಮುಗಿಯೂದ್ರಾಗ ಚಾಲೂ ಮಾಡ್ರಿ, ಇಲ್ಲಂದ್ರ ಗುಜರಿಗೆ ಹಾಕ್ತೀವಿ" ಅಂತ ಮನೆಯವರು ಹೇಳಿದ್ರು. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಹೇರಿಕೊಂಡು ಬಾಗಲಕೋಟೆಗೆ ತಂದ್ವಿ. ಅದಕ್ಕೆ ಡೀಸೆಲ್ ಎಂಜಿನ್ ಕೂರಿಸೋದೇ ನಮ್ಮ ಮಿನಿ ಪ್ರಾಜೆಕ್ಟ್ ಆಯ್ತು.

ಈಗಿನ ಕಾಲದಲ್ಲಿ ಡೀಸೆಲ್ ಯಾಕೆ ಅಂತ ಕ್ಲಾಸಿನಲ್ಲಿ ಎಲ್ಲರೂ ಕೇಳಿದ್ರು. ಸರಿಯಾದ ಪ್ರಶ್ನೆ. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ಬೆಲೆ ಮೇಲಿನ ಹಿಡಿತ ಬಿಟ್ಟಿತು, ಡೀಸೆಲ್ ಬೆಲೆ ಮೇಲಿನ ಹಿಡಿತ ಬಿಟ್ಟಿದ್ದು 2014ರ ಅಕ್ಟೋಬರ್‌ನಲ್ಲಿ. ಆ ನಡುವೆ ಎರಡರ ಬೆಲೆಗೂ ಭಾರೀ ಅಂತರ ಇತ್ತು, ಡೀಸೆಲ್ ಗಾಡಿ ಇದ್ದವನಿಗೆ ಲಾಭ ಇತ್ತು. ಇವತ್ತು ಅಷ್ಟು ಅಂತರ ಉಳಿದಿಲ್ಲ. ದುಡ್ಡು ಉಳಿಸೋಕೆ ಈ ಕೆಲಸಕ್ಕೆ ಕೈ ಹಾಕಬೇಡಿ ಅಂತ ನಾವೇ ಹೇಳ್ತೀವಿ. ನಾವು ಮಾಡಿದ್ದು ಕಲಿಯೋಕೆ. ಅದಕ್ಕೆ ಅಂಬಾಸಿಡರ್‌ನಷ್ಟು ಒಳ್ಳೇ ಗಾಡಿ ಸಿಗೋದಿಲ್ಲ. ಅದರ ಹಳೇ ಪೆಟ್ರೋಲ್ ಎಂಜಿನ್ 1489 ಸಿಸಿ, ಡೀಸೆಲ್ ಎಂಜಿನ್ನೂ 1489 ಸಿಸಿ. ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಒಂದೇ ಮನೆತನದವು. ಬಾದಾಮಿಯ ಗ್ಯಾರೇಜೊಂದರಲ್ಲಿ ಅಂಥ ಡೀಸೆಲ್ ಎಂಜಿನ್ ಕಾಗದಪತ್ರದ ಸಮೇತ ಸಿಕ್ಕಿತು.

ಪಂಪ್ ಬದಲಾಯಿಸಿದ್ರೆ ಪೆಟ್ರೋಲ್ ಕಾರು ಡೀಸೆಲ್ ಆಗುತ್ತೆ ಅಂದುಕೊಂಡವರು ನಮ್ಮ ಬ್ರಾಂಚ್‌ನಲ್ಲೂ ಇದ್ದಾರೆ. ಹಾಗಾಗೋದಿಲ್ಲ. ಹಳೇ ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ರೇಶಿಯೋ 8ರ ಆಸುಪಾಸು, ಈ ಥರದ ಡೀಸೆಲ್‌ಗೆ 20ಕ್ಕಿಂತ ಹೆಚ್ಚು ಬೇಕು. ಎಂಜಿನ್ನೇ ಬದಲಾಗಬೇಕು. ಪಂಪ್ ಕೂಡ ಒಂದಲ್ಲ, ಎರಡು. ಟ್ಯಾಂಕಿನಿಂದ ಡೀಸೆಲ್ ಎತ್ತಿ ತರೋದು ಫೀಡ್ ಪಂಪ್, ಅದನ್ನ ಅಳೆದು ನಾಜಲ್‌ಗೆ ಒತ್ತೋದು ಇಂಜೆಕ್ಷನ್ ಪಂಪ್. ಫೀಡ್ ಪಂಪ್ ಕೆಲಸ ಅರ್ಧ ಬಾರ್ ಒಳಗೇ ಮುಗಿಯುತ್ತೆ. ಇಂಜೆಕ್ಷನ್ ಪಂಪ್ ಕೆಲಸ ನೂರು ಬಾರ್ ದಾಟಿದ ಮೇಲೆ ಶುರು.

ನಾವು ಎಡವಿದ್ದು ಚಿಕ್ಕದರಲ್ಲಿ. ಎಂಜಿನ್ ಜೊತೆ ಬಂದ ಫೀಡ್ ಪಂಪ್ ಕ್ಯಾಮ್‌ಶಾಫ್ಟಿನಿಂದ ಓಡೋದು, ಪಕ್ಕದಲ್ಲಿ ಕೈಯಿಂದ ಒತ್ತೋ ಒಂದು ಲಿವರ್. ಅದರ ಡಯಾಫ್ರಾಮ್ ಹರಿದಿತ್ತು. ಅದನ್ನ ರಿಪೇರಿ ಮಾಡಿಸೋ ಬದಲು ವಿಡಿಯೋ ನೋಡಿ, ಗುಜರಿಯಿಂದ ಇಂಜೆಕ್ಷನ್ ಇರೋ ಪೆಟ್ರೋಲ್ ಕಾರಿನ ಕರೆಂಟ್ ಪಂಪ್ ತಂದ್ವಿ. ಅದು ಸುಮಾರು 3 ಬಾರ್ ಕೊಡುತ್ತೆ. ಹೆಚ್ಚು ಪ್ರೆಷರ್ ಅಂದ್ರೆ ಹೆಚ್ಚು ಒಳ್ಳೇದು ಅಂತ ಐದು ಜನರಲ್ಲಿ ನಾಲ್ವರು ವೋಟ್ ಹಾಕಿದ್ವಿ.

ಎಂಜಿನ್ ಚಾಲೂ ಆಯ್ತು, ಕುಣಿದ್ವಿ, ಸ್ಟೇಟಸ್ ಹಾಕಿದ್ವಿ. ಮೂರನೇ ದಿನ ಡಿಪ್‌ಸ್ಟಿಕ್ ಎಳೆದು ನೋಡಿದ್ರೆ ಎಂಜಿನ್ ಆಯಿಲ್ ಜಾಸ್ತಿ ಆಗಿತ್ತು! ಮೂಸಿದ್ರೆ ಡೀಸೆಲ್ ವಾಸನೆ. ಇಂಜೆಕ್ಷನ್ ಪಂಪಿನ ಶಾಫ್ಟ್ ಸೀಲ್ ಆ ಪ್ರೆಷರ್ ತಡೀಲಾರದೆ ಸೋರಿ, ಡೀಸೆಲ್ ಟೈಮಿಂಗ್ ಕವರ್ ಮೂಲಕ ಆಯಿಲ್ ಸಂಪ್‌ಗೆ ಇಳಿದಿತ್ತು. ಆಯಿಲ್ ತೆಳುವಾದ್ರೆ ಬೇರಿಂಗ್ ಹೋಗುತ್ತೆ. ಇನ್ನೂ ಹೆಚ್ಚಾಗಿದ್ರೆ ಎಂಜಿನ್ ತನ್ನ ಸಂಪಿನ ಆಯಿಲನ್ನೇ ಎಳ್ಕೊಂಡು ಉರಿಸಿ, ಸ್ಟಾಪ್ ಎಳೆದ್ರೂ ನಿಲ್ಲದೆ ಓಡ್ತಿತ್ತು. ಬಾನೆಟ್ ಹತ್ರ ತಲೆ ಬಗ್ಗಿಸಿ ನಿಂತಿದ್ದವರು ನಾವೇ.

ಪಂಪ್ ಬಿಚ್ಚಿಕೊಂಡು ಬಸ್ಸಿನಲ್ಲಿ ಇಳಕಲ್‌ಗೆ ಹೋದ್ವಿ. ಗ್ರಾನೈಟ್ ಕ್ವಾರಿಗಳ ಊರು, ಕಂಪ್ರೆಸರ್, ಜನರೇಟರ್ ಎಲ್ಲ ಡೀಸೆಲ್ಲೇ, ಪಂಪ್ ಬಿಚ್ಚೋ ಕೈ ಅಲ್ಲಿವೆ. ಮಿಸ್ತ್ರಿ ಕಾಕಾ ನಮ್ಮ ಕಥೆ ಪೂರ್ತಿ ಕೇಳಿ, "ಕೂಸಿಗೆ ಚಮಚದಾಗ ಹಾಲ ಕುಡಸ್ತಾರೋ, ನಳದ ಪೈಪ್ ಹಚ್ಚತಾರೋ ತಮ್ಮಾ?" ಅಂದ್ರು. ಸೀಲ್ ಹಾಕಿದ್ರು, ಹರಿದ ಫೀಡ್ ಪಂಪಿಗೆ ಹೊಸ ಡಯಾಫ್ರಾಮ್ ಹಾಕಿದ್ರು. "ರಿಟರ್ನ್ ಪೈಪ್ ಎಲ್ಲಿ ಬಿಟ್ಟೀರಿ?" ಅಂತ ಕೇಳಿದ್ರು. ನಾವು ಮುಖ ಮುಖ ನೋಡ್ಕೊಂಡ್ವಿ. ನಮ್ಮ ಕಾರಿನ ಪೆಟ್ರೋಲ್ ಟ್ಯಾಂಕಿಗೆ ರಿಟರ್ನ್ ದಾರಿನೇ ಇರಲಿಲ್ಲ, ನಾವು ಆ ಪೈಪನ್ನ ಒಂದು ಬಾಟಲಿಗೆ ಇಳಿಬಿಟ್ಟಿದ್ವಿ. ನಾಜಲ್ ಮತ್ತು ಪಂಪಿನಿಂದ ಮಿಕ್ಕ ಡೀಸೆಲ್, ಅದರ ಜೊತೆ ಗಾಳಿ, ಬಿಸಿ ಎಲ್ಲ ವಾಪಸ್ ಹೋಗೋ ದಾರಿ ಅದು. ಅದಿಲ್ಲದಿದ್ರೆ ಯಾವ ಪಂಪ್ ಹಾಕಿದ್ರೂ ಏರ್ ಲಾಕ್ ತಪ್ಪೋದಿಲ್ಲ.

ಕರೆಂಟ್ ಪಂಪ್ ಕೆಟ್ಟದು ಅಂತ ನಾವು ಹೇಳ್ತಿಲ್ಲ. ಅರ್ಧ ಬಾರ್ ಒಳಗಿನದು, ಡೀಸೆಲ್‌ಗೇ ಮಾಡಿದ್ದು ಆದ್ರೆ ಅದೂ ಚೆನ್ನಾಗಿದೆ. ಟ್ಯಾಂಕ್ ಪಕ್ಕ ಕೂರಿಸಿದ್ರೆ ಪೈಪ್ ಉದ್ದಕ್ಕೂ ಒಳಗಿಂದ ಒತ್ತಡ ಇರುತ್ತೆ, ಎಲ್ಲಾದರೂ ಬಿರುಕಿದ್ರೆ ಡೀಸೆಲ್ ಹನಿ ಕಾಣುತ್ತೆ. ಮುಂದಿನಿಂದ ಎಳೆಯೋ ಪಂಪ್ ಆದ್ರೆ ಅದೇ ಬಿರುಕಿನಿಂದ ಗಾಳಿ ಒಳಗೆ ಹೋಗುತ್ತೆ, ಹೊರಗೆ ಏನೂ ಕಾಣಲ್ಲ. ಆದ್ರೆ ಫ್ಯೂಸ್ ಹೋದ ದಿನ ಕರೆಂಟ್ ಪಂಪ್ ಸುಮ್ಮನಾಗುತ್ತೆ, ಕೈ ಲಿವರ್ ಇದ್ದವನು ನಾಲ್ಕು ಸಲ ಒತ್ತಿ, ಏರ್ ತೆಗೆದು ಮನೆ ಸೇರ್ತಾನೆ.

ಇಂಜೆಕ್ಷನ್ ಪಂಪ್ ಆಯ್ಕೆಗೂ ಇದೇ ಲೆಕ್ಕ. ಇನ್‌ಲೈನ್ ಪಂಪಿನಲ್ಲಿ ಒಂದೊಂದು ಸಿಲಿಂಡರ್‌ಗೆ ಒಂದೊಂದು ಎಲಿಮೆಂಟ್, ಕೆಳಗಿನ ಕ್ಯಾಮ್‌ಗೆ ಬೇರೆ ಆಯಿಲ್. ಭಾರ ಜಾಸ್ತಿ, ತಾಳಿಕೆಯೂ ಜಾಸ್ತಿ. ಬೆಂಗಳೂರಿನ ಮೈಕೊ ಕಂಪನಿ 2008ರಲ್ಲೇ ಹೆಸರು ಬದಲಾಯಿಸಿ ಬಾಷ್ ಆಯ್ತು, ಹಳೇ ಮಿಸ್ತ್ರಿಗಳ ಬಾಯಲ್ಲಿ ಇನ್ನೂ ಅದು ಮೈಕೊ ಪಂಪೇ. ರೋಟರಿ ಪಂಪ್ ಚಿಕ್ಕದು, ಹಗುರ, ಆದ್ರೆ ಅದಕ್ಕೆ ಡೀಸೆಲ್ಲೇ ಆಯಿಲ್. ನೀರು ಸೇರಿದ್ರೆ, ಸೀಮೆಎಣ್ಣೆ ಬೆರೆತಿದ್ರೆ ಒಳಗೆ ತೇಯುತ್ತೆ. ನಮ್ಮದು ರೋಟರಿ, ಅದಕ್ಕೇ ಹಳೇ ಟ್ಯಾಂಕಿನ ತುಕ್ಕು ತೊಳೆದು, ನೀರು ಹಿಡಿಯೋ ಫಿಲ್ಟರ್ ಹಾಕಿದ್ವಿ. ಕಾಮನ್ ರೈಲ್ ಹಾಕಿ ಅಂತ ಸೀನಿಯರ್ ಒಬ್ಬರು ಹೇಳಿದ್ರು. ಸಾವಿರ ಬಾರ್ ದಾಟೋ ಆ ಪಂಪಿಗೆ ಸೆನ್ಸರ್, ಇಸಿಯು ಎಲ್ಲ ಬೇಕು. ಹುನಗುಂದದ ರಸ್ತೇಲಿ ಅದು ನಿಂತರೆ ನಾವೂ ಅಲ್ಲೇ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್, ಇಂಧನ ನಮ್ಮಿಷ್ಟಕ್ಕೆ ಬದಲಾಯಿಸುವಂತಿಲ್ಲ, ಆರ್‌ಟಿಒ ಒಪ್ಪಿಗೆ ಬೇಕು. ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇರೋವರೆಗೂ ಆ ಕೆಎ-29 ನಂಬರಿನ ಕಾರು ಕ್ಯಾಂಪಸ್ ಗೇಟ್ ದಾಟೋದಿಲ್ಲ. ಅಜ್ಜನಿಗೆ ಇದನ್ನ ಹೇಳೋದು ಸೀಲ್ ಸೋರಿದ್ದು ಹೇಳೋದಕ್ಕಿಂತ ಕಷ್ಟ ಆಯ್ತು.

ನಮ್ಮ ಅಭಿಪ್ರಾಯ ಇಷ್ಟೇ. ಡೀಸೆಲ್ ಸೈಕಲ್ಲಿನ ಪಿವಿ ಡಯಾಗ್ರಾಂ ನಾವೆಲ್ಲ ಕಣ್ಮುಚ್ಚಿ ಬಿಡಿಸ್ತೀವಿ, ಪಾರ್ಟ್ ಆರಿಸುವಾಗ ಮಾತ್ರ ದೊಡ್ಡ ನಂಬರ್ ನೋಡಿ ಮರುಳಾಗ್ತೀವಿ. ಪಂಪಿಗೆ ಎಷ್ಟು ಪ್ರೆಷರ್ ಬೇಕು, ಎಷ್ಟು ತಡೆಯುತ್ತೆ ಅನ್ನೋದನ್ನ ಕೊಳ್ಳೋ ಮುಂಚೆ ಕೇಳಬೇಕು. ಮಿನಿ ಪ್ರಾಜೆಕ್ಟ್ ಫಾರ್ಮಿನಲ್ಲಿ ಡಿಪಾರ್ಟ್‌ಮೆಂಟಿನವರು ಒಂದು ಕಾಲಂ ಸೇರಿಸಲಿ: ಈ ಪಾರ್ಟ್ ಕೆಟ್ಟರೆ ರಿಪೇರಿ ಮಾಡೋರು ಎಲ್ಲಿದ್ದಾರೆ, ಬಸ್ಸಿನಲ್ಲಿ ಎಷ್ಟು ಹೊತ್ತು? ಆ ಕಾಲಂ ಇದ್ದಿದ್ರೆ ನಾವು ಮೊದಲೇ ಇಳಕಲ್ ಬಸ್ ಹತ್ತಿರ್ತಿದ್ವಿ.

ವೋಟಿನಲ್ಲಿ ಬೇಡ ಅಂದ ಆ ಐದನೆಯವಳಿಗೆ ನಾವಿನ್ನೂ ಚಹಾ ಕೊಡಿಸಬೇಕು. ಕಾರು ವರ್ಕ್‌ಶಾಪ್ ಹಿಂದೆ ಬೇವಿನ ಗಿಡದ ಕೆಳಗೆ ನಿಂತಿದೆ. ಬಂದು ಲಿವರ್ ಒತ್ತಿ ನೋಡಿ, ಡಿಪ್‌ಸ್ಟಿಕ್ಕೂ ಎಳೆದು ನೋಡಿ. ಎರಡು ವಾರದಿಂದ ಆಯಿಲ್ ಅಲ್ಲೇ ಗೆರೆ ಮೇಲೆ ನಿಂತಿದೆ.