ಬೆತ್ತದ ವಿದ್ಯೆ, ವಾದದ ಬೆಲೆ

ಬೆತ್ತವೆಂದೊಡನೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಪಾಠಶಾಲೆ. ಅಲ್ಲಿ ಬೆತ್ತವು ಒಬ್ಬರ ಕೈಯಲ್ಲಿ ಮಾತ್ರ ಇರುತ್ತಿತ್ತು. ಎದುರಿಗೆ ನಿಂತವನಿಗೆ ಅಂಗೈಯನ್ನು ಒಡ್ಡುವ ಕೆಲಸವೊಂದೇ ಉಳಿದಿತ್ತು. ಗುರುವಿನ ಕೈಯಲ್ಲೊಂದು, ಶಿಷ್ಯನ ಕೈಯಲ್ಲೊಂದು ಬೆತ್ತವಿದ್ದು, ಇಬ್ಬರೂ ಪರಸ್ಪರ ಪ್ರಹಾರ ಮಾಡುತ್ತಲೇ ಪಾಠ ನಡೆಯುವ ವಿದ್ಯೆಯೊಂದು ಫಿಲಿಪೈನ್ಸ್ ದ್ವೀಪಗಳಲ್ಲಿ ಉಂಟೆಂದರೆ ಕೆಲವರಿಗೆ ನಗೆ ಬಂದೀತು. ಆ ವಿದ್ಯೆಯನ್ನು ಕಲಿಸುವವರನ್ನು ‘ಗುರೋ’ ಎಂದು ಕರೆಯುವರು. ಇದು ನಮ್ಮ ‘ಗುರು’ ಶಬ್ದವೇ; ಮಲಯ ಭಾಷೆಯ ಮಾರ್ಗವಾಗಿ ಶತಮಾನಗಳ ಹಿಂದೆ ಆ ದ್ವೀಪಗಳನ್ನು ಸೇರಿ, ಅಲ್ಲಿಯ ಉಪಾಧ್ಯಾಯರಿಗೆಲ್ಲ ಸಲ್ಲುವ ಮಾತಾಗಿ ನಿಂತಿದೆ.

ಈಗ ನಮ್ಮ ದೇಶದ ದೊಡ್ಡ ಪಟ್ಟಣಗಳಲ್ಲಿಯೂ ಈ ವಿದ್ಯೆಯನ್ನು ಹೇಳಿಕೊಡುವವರು ಇದ್ದಾರೆ. ಮಗನು ಬೆತ್ತ ಹಿಡಿಯಹೋಗುತ್ತೇನೆನ್ನುವನು, ಕಳುಹಿಸಬಹುದೆ? ಮಗಳು ಆತ್ಮರಕ್ಷಣೆಗೆಂದು ಕಲಿಯುತ್ತೇನೆನ್ನುವಳು, ಇದರಿಂದ ನಿಜವಾಗಿ ರಕ್ಷಣೆಯಾದೀತೆ? ಇಂತಹ ಪ್ರಶ್ನೆಗಳು ತಂದೆತಾಯಿಗಳ ಮನಸ್ಸಿನಲ್ಲಿ ಏಳುವುದು ಸಹಜ. ಇವಕ್ಕೆ ಉತ್ತರವನ್ನು ಆ ವಿದ್ಯೆಯ ಬಲ್ಲವರೇ ತಮ್ಮೊಳಗೆ ನಡೆಸಿರುವ ವಾದಗಳಲ್ಲಿ ಹುಡುಕುವುದು ಮೇಲು. ಆದಕಾರಣ ಈ ತಿಂಗಳು ಆ ವಿಷಯವನ್ನೇ ಎತ್ತಿಕೊಂಡಿದ್ದೇನೆ.

ಮೊದಲನೆಯ ವಾದವು ಹೆಸರಿನದು. ಅರ್ನಿಸ್, ಎಸ್ಕ್ರಿಮಾ, ಕಾಲಿ ಎಂಬ ಮೂರು ಹೆಸರುಗಳು ಮುಖ್ಯವಾಗಿ ಬಳಕೆಯಲ್ಲಿವೆ. ಎಸ್ಕ್ರಿಮಾ ಎಂಬುದು ಕತ್ತಿವರಸೆಯೆಂಬ ಅರ್ಥವುಳ್ಳ ಸ್ಪಾನಿಷ್ ಶಬ್ದದಿಂದ ಬಂದುದು. ಅರ್ನಿಸ್ ಎಂಬುದು ಕವಚವೆಂಬ ಅರ್ಥವುಳ್ಳ ಇನ್ನೊಂದು ಸ್ಪಾನಿಷ್ ಶಬ್ದದಿಂದ ಬಂದುದು. ಬಲಗ್ತಾಸ್ ಕವಿಯು ೧೮೩೮ರಲ್ಲಿ ಪ್ರಕಟಿಸಿದ ‘ಫ್ಲೊರಾಂತೆ ಅತ್ ಲಾವ್ರಾ’ ಎಂಬ ಕಾವ್ಯದಲ್ಲಿಯೇ ಕುಸ್ತಿಯ ಜೊತೆಗೆ ಅರ್ನಿಸಿನ ಹೆಸರೂ ಬರುತ್ತದೆ. ಕಾಲಿ ಎಂಬ ಹೆಸರಿನ ಮೂಲದ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಕತ್ತಿಗೆ ಅಲ್ಲಿಯ ಹಳೆಯ ಮಾತಾದ ‘ಕಾಲಿಸ್’ನಿಂದ ಬಂದಿತೆಂದು ಕೆಲವರೂ, ಅಮೇರಿಕದಲ್ಲಿ ಕಲಿಸಿದವರಿಂದ ಈಚೆಗೆ ಪ್ರಚಾರಕ್ಕೆ ಬಂದುದೆಂದು ಕೆಲವರೂ ಹೇಳುವರು. ನಮ್ಮವರಿಗಾದರೋ ಕಾಳಿಕಾದೇವಿಯ ನೆನಪಾಗುವುದು. ಕನ್ನಡದಲ್ಲಿ ‘ಕಲಿ’ಯೆಂದರೆ ಶೂರನೂ ಹೌದು, ‘ಅಭ್ಯಾಸಮಾಡು’ ಎಂಬ ಆಜ್ಞೆಯೂ ಹೌದೆಂದು ಹಿಗ್ಗುವುದೂ ಉಂಟು. ಆದರೆ ಧ್ವನಿಯ ಹೋಲಿಕೆಯಿಂದ ಬಂಧುತ್ವವು ಸಿದ್ಧಿಸದು. ಸೆಬು ದ್ವೀಪದಲ್ಲಿ ‘ದೋಸೆ ಪಾರೆಸ್’ ಎಂಬ ಪ್ರಸಿದ್ಧವಾದ ಸಂಘವೊಂದಿದೆ. ಆ ದೋಸೆಗೂ ನಮ್ಮ ಅಡಿಗೆಮನೆಯ ದೋಸೆಗೂ ಎಷ್ಟು ನಂಟೋ ಇದಕ್ಕೂ ಅಷ್ಟೇ. ಸ್ಪಾನಿಷಿನಲ್ಲಿ ದೋಸೆಯೆಂದರೆ ಹನ್ನೆರಡು.

ಹೆಸರಿನ ಹಿಂದೆ ಇತಿಹಾಸದ ವಾದವಿದೆ. ೧೫೨೧ನೆಯ ಏಪ್ರಿಲ್ ೨೭ರಂದು ಮಾಕ್ತಾನ್ ದ್ವೀಪದ ತೀರದಲ್ಲಿ ಲಾಪುಲಾಪು ಎಂಬ ನಾಯಕನ ಜನರು ಮೆಗೆಲ್ಲನನನ್ನು ಕೊಂದರು. ಅಂದು ಗೆದ್ದುದು ಈ ವಿದ್ಯೆಯೇ ಎಂದು ಎಷ್ಟೋ ಮಂದಿ ಗುರುಗಳು ಹೇಳುವರು. ಆ ಕಾಳಗದಲ್ಲಿ ತಾನೇ ಇದ್ದ ಪಿಗಫೆಟ್ಟನು ಬಿದಿರಿನ ಈಟಿಗಳನ್ನೂ, ಮೆಗೆಲ್ಲನನ ಎಡಗಾಲಿಗೆ ಬಿದ್ದ ದೊಡ್ಡ ಕತ್ತಿಯ ಏಟನ್ನೂ ವರ್ಣಿಸಿದ್ದಾನೆ. ಆದರೆ ವಿದ್ಯೆಯೊಂದರ ಹೆಸರನ್ನಾಗಲಿ ಗುರುಪರಂಪರೆಯನ್ನಾಗಲಿ ಹೇಳಿಲ್ಲ. ನೆಪಾಂಗೆ ಮತ್ತು ಮಕಚೋರ್ ಎಂಬ ಇಬ್ಬರು ಲೇಖಕರು ೨೦೦೭ರ ತಮ್ಮ ಗ್ರಂಥದಲ್ಲಿ, ಈಗ ಕಾಣುವ ಎಸ್ಕ್ರಿಮಾವು ಸ್ಪೇನಿನವರ ಆಳಿಕೆಯ ಕಾಲದಲ್ಲಿ, ಕಡಲುಗಳ್ಳರಿಂದ ಕರಾವಳಿಯ ಊರುಗಳನ್ನು ಕಾಯಬೇಕಾದಾಗ ರೂಪುಗೊಂಡಿತೆಂದು ವಾದಿಸಿದರು. ಪ್ರಾಚೀನತೆಯನ್ನು ನಂಬಿದವರಿಗೆ ಇದು ಹಿಡಿಸಲಿಲ್ಲ. ೨೦೦೯ನೆಯ ಡಿಸೆಂಬರಿನಲ್ಲಿ ಅರ್ನಿಸನ್ನು ರಾಷ್ಟ್ರದ ಯುದ್ಧಕಲೆಯೆಂದೂ ಕ್ರೀಡೆಯೆಂದೂ ಸಾರಿದ ಶಾಸನವು ಜಾಣತನದಿಂದ ಈ ಎಲ್ಲ ಹೆಸರುಗಳನ್ನೂ ಸಾಲಾಗಿ ಬರೆದು, ಎಲ್ಲವೂ ಒಂದೇ ಎಂದಿತು. ಕಾನೂನಿಗೆ ಇದು ಸಾಕು, ಕಲಿಯುವವನಿಗೆ ಸಾಲದು.

ಅಭ್ಯಾಸದ ಕ್ರಮವನ್ನು ಈಗ ನೋಡುವ. ಉಪಕರಣವು ಸರಳ: ಸುಮಾರು ೨೮ ಅಂಗುಲ ಉದ್ದದ, ಹೆಬ್ಬೆರಳ ದಪ್ಪದ ಬೆತ್ತ. ಬೆತ್ತವನ್ನೇ ಆರಿಸಿದುದಕ್ಕೆ ಕಾರಣವುಂಟು. ಗಟ್ಟಿಮರದ ದೊಣ್ಣೆಯು ಮುರಿದರೆ ಚೂಪಾದ ಸೀಳುಗಳು ಹಾರುವುವು; ಬೆತ್ತವು ಬಹಳ ಪೆಟ್ಟು ತಿಂದರೆ ನಾರುನಾರಾಗಿ ಕೆದರುವುದೇ ಹೊರತು ಸಿಡಿಯದು. ಪ್ರಹಾರಗಳಿಗೆ ಸಂಖ್ಯೆಗಳಿವೆ. ತಲೆಯ ಎಡಕ್ಕೆ, ಬಲಕ್ಕೆ, ಪಕ್ಕೆಗೆ, ಮೊಣಕಾಲಿಗೆ, ಹೊಟ್ಟೆಗೆ ಇರಿತ ಎಂದು ಒಂದರಿಂದ ಹನ್ನೆರಡರವರೆಗೆ ಮಗ್ಗಿಯಂತೆ ಎಣಿಸುತ್ತ ಹೊಡೆಯುವರು. ಕೆಲವು ಸಂಪ್ರದಾಯಗಳಲ್ಲಿ ಈ ಮೊದಲ ಪಾಠಕ್ಕೆ ಅಕ್ಷರಮಾಲೆಯೆಂಬ ಅರ್ಥದ ಹೆಸರೇ ಇದೆ. ಕೋನವನ್ನು ಕಲಿತರೆ ಆಯುಧ ಯಾವುದಾದರೂ ಆಗಬಹುದೆಂಬುದು ಇದರ ತತ್ತ್ವ: ಬೆತ್ತ, ಕತ್ತಿ, ಚೂರಿ, ಬರಿಗೈ ಎಲ್ಲವೂ ಅದೇ ದಾರಿಯಲ್ಲಿ ಬರುವುವು. ಎರಡು ಬೆತ್ತಗಳ ಅಭ್ಯಾಸಕ್ಕೆ ‘ಸಿನವಾಲಿ’ಯೆಂದು ಹೆಸರು, ಅಲ್ಲಿಯವರು ಮನೆಯ ಗೋಡೆಗೆ ಬಿದಿರಿನ ಸೀಳುಗಳಿಂದ ತಟ್ಟಿ ಹೆಣೆಯುವಂತೆ ಬೆತ್ತಗಳು ಒಂದರ ಮೇಲೊಂದು ಹಾಯುವುದರಿಂದ ಆ ಹೆಸರು. ಒಂದೇ ಬೆತ್ತವಿದ್ದಾಗ ಉಳಿದ ಕೈಯನ್ನು ಸುಮ್ಮನೆ ಬಿಡದೆ, ಎದುರಾಳಿಯ ಕೈಯನ್ನು ತಡೆಯಲು ಬಳಸುವರು. ಅದಕ್ಕೆ ‘ಜೀವಂತ ಕೈ’ ಎನ್ನುವರು.

ಇನ್ನು ಈ ವಿದ್ಯೆಯ ಹೃದಯ. ಹಾವು ಕಚ್ಚಲು ಬಂದರೆ ಅದರ ಹಲ್ಲನ್ನೇ ಕೀಳು ಎಂಬುದು ಇವರ ಸೂತ್ರ. ಅಂದರೆ ಪ್ರಹಾರವನ್ನು ತಡೆಯುವುದಕ್ಕಿಂತ, ಆಯುಧ ಹಿಡಿದು ಬರುವ ಕೈಯನ್ನೇ ಹೊಡೆ. ಕೈ ಹೋದರೆ ಆಯುಧವು ತಾನಾಗಿ ಬೀಳುವುದು. ಈ ಸೂತ್ರವೇ ಕಲಿಸುವವನ ಕಷ್ಟಕ್ಕೂ ಮೂಲವಾಯಿತು. ಹಿಂದೆ ಅಭ್ಯಾಸದಲ್ಲಿಯೂ ಕೈಗೇ ಹೊಡೆಯುತ್ತಿದ್ದರು. ಗೆಣ್ಣುಗಳು ಊದಿಕೊಂಡ ಹುಡುಗನು ಮರುದಿನ ಬಾರದೆ ಹೋಗುತ್ತಿದ್ದನು. ನೆಗ್ರೋಸ್ ದ್ವೀಪದವರಾದ ರೆಮಿ ಪ್ರೆಸಾಸ್ ಎಂಬವರು ಇದನ್ನು ಕಂಡು, ಕೈಗೆ ಬದಲಾಗಿ ಬೆತ್ತಕ್ಕೆ ಬೆತ್ತ ತಾಗುವಂತೆ ಅಭ್ಯಾಸವನ್ನು ಮಾರ್ಪಡಿಸಿ, ತಮ್ಮ ಪದ್ಧತಿಗೆ ಆಧುನಿಕ ಅರ್ನಿಸ್ ಎಂದು ಹೆಸರಿಟ್ಟರು. ೨೦೦೧ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಆ ಪದ್ಧತಿಯು ಸ್ವದೇಶದ ಶಾಲೆಗಳಿಂದ ಹಿಡಿದು ಅಮೇರಿಕದವರೆಗೆ ಹಬ್ಬಿತ್ತು. ಅಳಿಯುತ್ತಿದ್ದ ವಿದ್ಯೆಯನ್ನು ಉಳಿಸಿದರೆಂದು ಒಂದು ಪಕ್ಷದವರು ಹೊಗಳುವರು. ಬೆತ್ತವನ್ನು ಗುರಿಯಿಟ್ಟು ಸಾವಿರ ಸಲ ಹೊಡೆದವನು ಆಪತ್ಕಾಲದಲ್ಲಿಯೂ ಬೆತ್ತವನ್ನೇ ಹೊಡೆಯುವನು, ಕೈಯನ್ನಲ್ಲ ಎಂದು ಇನ್ನೊಂದು ಪಕ್ಷದವರು ಆಕ್ಷೇಪಿಸುವರು. ನನಗೆ ಎರಡು ಮಾತೂ ನಿಜವೆಂದು ತೋರುತ್ತದೆ. ಕಲಿಸುವ ಸಲುವಾಗಿ ಸತ್ಯದ ಒಂದು ಅಂಶವನ್ನು ಎತ್ತಿಡದೆ ಯಾವ ವಿದ್ಯೆಯನ್ನೂ ಕಲಿಸಲಾಗದು. ಎತ್ತಿಟ್ಟುದನ್ನು ಮುಂದೆ ತಿರುಗಿ ಕೊಡದಿದ್ದರೆ ಕಲಿಸಿದುದು ವಿದ್ಯೆಯೇ ಆಗದು.

ಸೆಬು ನಗರದ ವಾದವು ಇದಕ್ಕಿಂತ ಬಿಸಿಯಾದುದು. ದೋಸೆ ಪಾರೆಸ್ ಸಂಘವು ೧೯೩೨ರಲ್ಲಿ ಸ್ಥಾಪಿತವಾಯಿತು. ಆ ಬಳಗದಲ್ಲಿದ್ದ ವೆನಾನ್ಸಿಯೋ ಬಕೋನ್ ಎಂಬವರು ಹೊರಬಂದು, ೧೯೫೨ರಲ್ಲಿ ಬಾಲಿಂತವಾಕ್ ಎಂಬ ಬೀದಿಯ ಹೆಸರಿನಿಂದ ಬೇರೆ ಸಂಘ ಕಟ್ಟಿದರು. ಒಂದೇ ಬೆತ್ತ, ಹತ್ತಿರದ ಕಾಳಗ, ಇನ್ನೊಂದು ಕೈಯ ಚಾತುರ್ಯ, ಇವಿಷ್ಟೇ ಸಾಕೆಂಬುದು ಅವರ ಮತ. ಎರಡು ಪಕ್ಷಗಳೊಳಗೆ ವರ್ಷಗಟ್ಟಲೆ ಸವಾಲಿನ ಪಂದ್ಯಗಳು ನಡೆದುವು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರು ತಮ್ಮೊಳಗೆ ಯಾರು ಮೇಲೆಂದು ರಾಜನ ಮುಂದೆ ಜಗಳಕ್ಕೆ ನಿಲ್ಲುವರಷ್ಟೆ. ಅಲ್ಲಿ ಮಧ್ಯಸ್ಥೆಯಾದ ಪರಿವ್ರಾಜಿಕೆಯು ಶಿಷ್ಯೆಯರ ಪ್ರಯೋಗವನ್ನು ನೋಡಿ ನಿರ್ಣಯಿಸುವ ಎನ್ನುವಳು. ಸೆಬುವಿನಲ್ಲಿ ಪರಿವ್ರಾಜಿಕೆಯಿರಲಿಲ್ಲ; ಆದರೂ ಪ್ರಯೋಗವೇ ಪ್ರಮಾಣವಾಯಿತು. ಮಾತಿನಲ್ಲಿ ಗೆದ್ದವನು ಅಂಗಳದಲ್ಲಿ ಸೋತರೆ, ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಬಾಲಿಂತವಾಕಿನ ಒಳಗೇ ಎದ್ದ ಇನ್ನೊಂದು ಪ್ರಶ್ನೆಯು ಉಪಾಧ್ಯಾಯರೆಲ್ಲರಿಗೂ ಸಂಬಂಧಿಸಿದುದು. ಬಕೋನರು ಪಾಠಕ್ಕೆ ಕ್ರಮವನ್ನಿಡದೆ, ಯಾವ ಪ್ರಹಾರ ಯಾವಾಗ ಬರುವುದೋ ಶಿಷ್ಯನಿಗೆ ತಿಳಿಯದಂತೆ ಕಲಿಸುತ್ತಿದ್ದರು. ಶಿಷ್ಯರಲ್ಲೊಬ್ಬರಾದ ಹೊಸೆ ವಿಲ್ಲಾಸಿನ್ ವಕೀಲರು. ಅವರು ಪ್ರಹಾರ ಪ್ರತಿಪ್ರಹಾರಗಳನ್ನು ಜಾತಿವಾರಾಗಿ ಗುಂಪು ಮಾಡಿ ಪಾಠಕ್ರಮವನ್ನು ರಚಿಸಿದರು. ಕಲಿಯುವುದು ಬೇಗವಾಯಿತು. ಆದರೆ ಗುಂಪಿನ ಕ್ರಮಕ್ಕೆ ಒಗ್ಗಿದವನಿಗೆ ಕ್ರಮವಿಲ್ಲದೆ ಬರುವ ಏಟು ಕಂಡೀತೆ ಎಂಬ ಸಂದೇಹವೂ ಹುಟ್ಟಿತು. ಪಾಣಿನಿಯ ಸೂತ್ರಕ್ರಮವನ್ನು ಬಿಟ್ಟು ಭಟ್ಟೋಜಿ ದೀಕ್ಷಿತನು ಕೌಮುದಿಯಲ್ಲಿ ಪ್ರಕರಣಗಳಾಗಿ ಜೋಡಿಸಿದುದು ಲೇಸೋ ಅಲ್ಲವೋ ಎಂದು ವೈಯಾಕರಣರು ಇಂದಿಗೂ ವಾದಿಸುವರು. ಇದೂ ಅದೇ ವಾದ. ಬಾಲಿಂತವಾಕಿನವರು ಇದಕ್ಕೆ ಕಂಡುಕೊಂಡ ಉಪಾಯವು ‘ಅಗಾಕ್’, ಅಂದರೆ ಕೈಹಿಡಿದು ನಡೆಸುವುದು. ಗುರುವು ಶಿಷ್ಯನ ಶಕ್ತಿಗೆ ಸ್ವಲ್ಪ ಮಿಗಿಲಾದ ವೇಗದಲ್ಲಿ ಪ್ರಹಾರವನ್ನು ಕೊಡುತ್ತ, ಅವನಿಗೆ ಅಪಾಯವಾಗದಂತೆ ತಾನೇ ನೋಡಿಕೊಳ್ಳುವನು. ಶಿಷ್ಯನು ಬಲಿತಂತೆ ಕ್ರಮವನ್ನು ಕೆದರುವನು. ಒಳ್ಳೆಯ ಅಧ್ಯಾಪಕರು ಎಲ್ಲೆಲ್ಲಿಯೂ ಮಾಡುವುದು ಇದನ್ನೇ.

ಕ್ರೀಡೆಯ ವಾದವು ಈಚಿನದು. ೧೯೮೯ರಲ್ಲಿ ಸೆಬುವಿನಲ್ಲಿ ಮೊದಲನೆಯ ವಿಶ್ವಸ್ಪರ್ಧೆಯು ನಡೆದಾಗ ಸ್ಪರ್ಧಾಳುಗಳು ಮೆತ್ತೆಯ ಕವಚವನ್ನೂ ಶಿರಸ್ತ್ರಾಣವನ್ನೂ ತೊಟ್ಟು ಬೆತ್ತದಿಂದ ಹೊಡೆದಾಡಿದರು. ಮೆತ್ತೆ ಸುತ್ತಿದ ಕೋಲಿನ ಪಂದ್ಯಗಳೂ ಬಂದುವು. ೨೦೦೫ ಮತ್ತು ೨೦೧೯ರ ಆಗ್ನೇಯ ಏಷ್ಯದ ಕ್ರೀಡಾಕೂಟಗಳಲ್ಲಿ ಅರ್ನಿಸಿಗೆ ಪದಕಗಳಿದ್ದುವು. ಇದರಿಂದ ಬಾಲಕ ಬಾಲಿಕೆಯರು ಸಾವಿರಗಟ್ಟಲೆ ಈ ವಿದ್ಯೆಗೆ ಬಂದರೆಂಬುದು ಲಾಭ. ನಷ್ಟವೇನೆಂದರೆ, ಕವಚವಿರುವಾಗ ತನ್ನ ಮೈಯನ್ನು ಕಾಯುವ ಚಿಂತೆಯೇ ಹೋಗಿ, ಇಬ್ಬರೂ ಮುನ್ನುಗ್ಗಿ ಏಟಿನ ಮೇಲೆ ಏಟು ಬಾರಿಸುವರು. ಕೈಯಲ್ಲಿರುವುದು ಕತ್ತಿಯೆಂದು ಭಾವಿಸಿ ನೋಡಿದರೆ ಇಬ್ಬರೂ ಸತ್ತು ಎಷ್ಟೋ ಹೊತ್ತಾಯಿತು. ಬೆತ್ತವು ಕತ್ತಿಯ ಪ್ರತಿನಿಧಿಯೋ, ತಾನೇ ಸ್ವತಂತ್ರವಾದ ಆಯುಧವೋ ಎಂಬ ಹಳೆಯ ಪ್ರಶ್ನೆಯು ಇಲ್ಲಿ ತಲೆಯೆತ್ತುವುದು. ಬೆತ್ತವಾದರೆ ಎದುರಾಳಿಯದನ್ನು ಹಿಡಿದು ಕಿತ್ತುಕೊಳ್ಳಬಹುದು. ಕತ್ತಿಯಾದರೆ ಹಿಡಿದ ಬೆರಳುಗಳು ಉಳಿಯವು. ಯಾವುದನ್ನು ಕಲಿಸುತ್ತಿದ್ದೇನೆಂದು ಗುರುವು ಶಿಷ್ಯನಿಗೆ ಮೊದಲೇ ಹೇಳತಕ್ಕುದು.

ಕಡೆಯದು ಚೂರಿಯ ವಾದ. ಪ್ರಾಣಕ್ಕೆ ಸಂಬಂಧಿಸಿದುದಾದುದರಿಂದ ಇದನ್ನು ತಂದೆತಾಯಿಗಳು ಗಮನವಿಟ್ಟು ಓದಬೇಕು. ಚೂರಿ ಹಿಡಿದವನ ಕೈಯನ್ನು ತಿರುಚಿ ಆಯುಧವನ್ನು ಕಸಿದುಕೊಳ್ಳುವ ಪಾಠಗಳು ನೋಡುವುದಕ್ಕೆ ಬಹಳ ಚೆನ್ನಾಗಿವೆ. ಏಕೆಂದರೆ ಅಲ್ಲಿ ಇರಿಯುವವನು ಒಮ್ಮೆ ಕೈಚಾಚಿ ಹಾಗೆಯೇ ನಿಲ್ಲುವನು. ನಿಜವಾದ ದುಷ್ಟನು ನಿಲ್ಲುವನೆ? ಒಂದು ಕೈಯಿಂದ ಅಂಗಿ ಹಿಡಿದು, ಇನ್ನೊಂದರಿಂದ ಮತ್ತೆ ಮತ್ತೆ ಇರಿಯುವನು. ಇದನ್ನು ಅರಿತ ಗುರುಗಳು ಒಂದು ಪರೀಕ್ಷೆಯನ್ನು ಮಾಡಿಸುವುದುಂಟು. ಶಿಷ್ಯನಿಗೆ ಬಿಳಿಯ ಅಂಗಿ ತೊಡಿಸಿ, ಮೊಂಡಾದ ಚೂರಿಯ ಅಂಚಿಗೆ ಬಣ್ಣ ಬಳಿದು, ಇರಿಯುವವನಿಗೆ ನಿಲ್ಲಬೇಡ ಎನ್ನುವರು. ಕೆಲವು ಕ್ಷಣಗಳಾದ ಮೇಲೆ ಅಂಗಿಯನ್ನು ನೋಡಿದರೆ ಸಾಕು, ಉಪದೇಶವೇ ಬೇಡ. ವರ್ಷಗಳಿಂದ ಪಳಗಿದವರ ಅಂಗಿಯೂ ಶುಭ್ರವಾಗಿ ಉಳಿಯುವುದು ಅಪರೂಪ. ಆದಕಾರಣ ಪ್ರಾಮಾಣಿಕನಾದ ಗುರುವು ಹೇಳಿಕೊಡುವ ಮೊದಲನೆಯ ಪಾಠವು ಓಡುವುದು. ಎರಡನೆಯದು ನಡುವೆ ಕುರ್ಚಿಯನ್ನೋ ಬಾಗಿಲನ್ನೋ ತರುವುದು. ಕೈಗೆ ಕೈ ಹಾಕುವುದು ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ.

ನ್ಯಾಯಶಾಸ್ತ್ರವು ಮಾತುಕತೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸಿದೆ. ತತ್ತ್ವವನ್ನು ತಿಳಿಯಲು ಆಡುವುದು ವಾದ, ಗೆಲ್ಲುವುದಕ್ಕಾಗಿಯೇ ಆಡುವುದು ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಬರಿದೆ ಖಂಡಿಸುವುದು ವಿತಂಡಾ. ನಮ್ಮ ಗುರುಗಳ ವಿದ್ಯೆ ನಿಮ್ಮದಕ್ಕಿಂತ ಹಳೆಯದು, ನಮ್ಮದು ಯುದ್ಧದ್ದು ನಿಮ್ಮದು ಆಟದ್ದು ಎಂಬ ಮಾತುಗಳು ಹೆಚ್ಚಿನ ಪಾಲು ಜಲ್ಪವೇ. ಬಣ್ಣ ತಾಗಿದ ಅಂಗಿಯನ್ನು ಮುಂದಿಟ್ಟುಕೊಂಡು, ಏಟು ಎಲ್ಲಿ ಬಿದ್ದಿತು, ಏಕೆ ಬಿದ್ದಿತು ಎಂದು ಗುರುಶಿಷ್ಯರು ಕುಳಿತು ವಿಚಾರಿಸುವುದು ವಾದ. ವಿದ್ಯೆಯು ಬೆಳೆಯುವುದು ಇದರಿಂದ.

ಹಾಗಾದರೆ ಮಕ್ಕಳನ್ನು ಕಳುಹಿಸಬಹುದೆ? ಅವಶ್ಯವಾಗಿ ಕಳುಹಿಸಬಹುದು. ಕೈಕಣ್ಣುಗಳ ಹೊಂದಿಕೆ, ಎರಡು ಕೈಗಳಿಗೂ ಸಮನಾದ ಪಳಗಿಕೆ, ಏಟು ಬಂದರೆ ಕಣ್ಣು ಮುಚ್ಚದ ಧೈರ್ಯ, ಎದುರಿನವನ ಮೈಗೆ ತಾನೇ ಹೊಣೆಯೆಂಬ ಎಚ್ಚರ, ಇವೆಲ್ಲ ಚಿಕ್ಕ ಲಾಭಗಳಲ್ಲ. ಆದರೆ ಸೇರಿಸುವುದಕ್ಕೆ ಮುಂಚೆ ಒಂದು ಸಂಜೆ ಹೋಗಿ ನೋಡಿರಿ. ಕಣ್ಣಿಗೆ ಕಾಪು ಹಾಕಿಸುವರೆ? ಹರಿತವಾದ ಆಯುಧವನ್ನು ಮಕ್ಕಳಿಂದ ದೂರವಿಟ್ಟಿರುವರೆ? ಶಿಷ್ಯನು ಪ್ರಶ್ನೆ ಕೇಳಿದರೆ ಗುರುವು ಸಿಟ್ಟಾಗುವನೋ, ಬಾ ಮಾಡಿ ನೋಡುವ ಎನ್ನುವನೋ? ಕೊನೆಗೆ ನೀವೇ ಒಂದು ಮಾತು ಕೇಳಿರಿ: ‘ಇದನ್ನು ಕಲಿತರೆ ನಮ್ಮ ಹುಡುಗಿ ಚೂರಿ ಹಿಡಿದವನನ್ನು ಗೆಲ್ಲುವಳೆ?’ ಗೆಲ್ಲುವಳು ಎಂದು ಎದೆತಟ್ಟಿ ಹೇಳುವವನಿದ್ದರೆ ಮಗಳನ್ನು ಕರೆದುಕೊಂಡು ಮನೆಗೆ ಬನ್ನಿರಿ. ಓಡುವುದನ್ನು ಮೊದಲು ಕಲಿಸುತ್ತೇನೆ ಎನ್ನುವವನಿದ್ದರೆ, ಅವನಲ್ಲಿ ಬಿಡಿರಿ.