ಸೋತ ಯಂತ್ರದ ಸಾಕ್ಷ್ಯ

ಯಂತ್ರಗಳ ಚರಿತ್ರೆಯನ್ನು ಬರೆಯುವವರಲ್ಲಿ ಗೆದ್ದೆತ್ತಿನ ಬಾಲ ಹಿಡಿಯುವ ಅಭ್ಯಾಸವುಂಟು. ಜಯ ಪಡೆದ ಯಂತ್ರಕ್ಕೆ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆ ದೊರೆಯುತ್ತದೆ; ಸೋತದ್ದಕ್ಕೆ ಗುಜರಿಯ ಚೀಲವೇ ಗತಿ. ಸೋತವುಗಳಿಗೆ ಮರುಕ ತೋರಬೇಕೆಂಬುದು ನಮ್ಮ ವಾದವಲ್ಲ. ಸೋಲನ್ನು ಮರೆತರೆ ಅದರ ಕಾರಣವನ್ನೂ ಮರೆಯುತ್ತೇವೆ. ಆಗ ನಿರಪರಾಧಿಯ ತಲೆಗೆ ಅಪರಾಧವನ್ನು ಕಟ್ಟುವುದು ಸುಲಭವಾಗುತ್ತದೆ. ಇದಕ್ಕೆ ನಿದರ್ಶನವಾಗಿ ಜಪಾನಿನ ಒಂದು ಯಂತ್ರದ ಕಥೆಯನ್ನು ವಾಚಕರ ಮುಂದಿಡುತ್ತೇವೆ.

ಕೈಗಡಿಯಾರಗಳಿಗೂ ಲೆಕ್ಕದ ಯಂತ್ರಗಳಿಗೂ ಹೆಸರಾದ ಕ್ಯಾಸಿಯೋ ಸಂಸ್ಥೆಯು 1995ರ ಅಕ್ಟೋಬರಿನಲ್ಲಿ 'ಲೂಪಿ' ಎಂಬ ವಿಡಿಯೋ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಬೆಲೆ 25,000 ಯೆನ್. ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರಗಳು ಅದಕ್ಕೆ ಮುಂಚೆಯೂ ಬೇಕಾದಷ್ಟು ಇದ್ದುವು. ಲೂಪಿಯ ವಿಶೇಷ ಎರಡು. ಒಂದು, ಅದನ್ನು ಹುಡುಗಿಯರಿಗಾಗಿಯೇ ರಚಿಸಲಾಗಿತ್ತು. ಎರಡು, ಅದರ ಒಡಲಿನಲ್ಲಿಯೇ ಬಣ್ಣದ ಮುದ್ರಣ ಯಂತ್ರವೊಂದು ಅಡಗಿತ್ತು. ಮುದ್ರಣಕ್ಕೆ ಬಳಸುತ್ತಿದ್ದುದು ಶಾಖವನ್ನು. ಮುದ್ರಣಶಿರದ ಸಣ್ಣ ಸಣ್ಣ ಬಿಂದುಗಳು ವಿದ್ಯುತ್ತಿನಿಂದ ಕಾದು, ಬೇಕಾದ ಕಡೆಯಲ್ಲಿ ಮಾತ್ರ ಕಾಗದದ ಮೇಲೆ ಬಣ್ಣ ಮೂಡಿಸುತ್ತಿದ್ದುವು. ಪರದೆಯ ಮೇಲೆ ಹುಡುಗಿ ರಚಿಸಿದ ಚಿತ್ರವು ಅಂಟುಚೀಟಿಯಾಗಿ ಅವಳ ಕೈಗೆ ಬರುತ್ತಿತ್ತು. ಬೇರೆಯಾಗಿ ದೊರೆಯುತ್ತಿದ್ದ ಇನ್ನೊಂದು ಉಪಕರಣವನ್ನು ಜೋಡಿಸಿದರೆ, ವಿಡಿಯೋ ಚಿತ್ರದ ಒಂದು ನೋಟವನ್ನು ಹಿಡಿದು, ಅದರ ಮೇಲೆ ಅಕ್ಷರ ಬರೆದು ಮುದ್ರಿಸಬಹುದಾಗಿತ್ತು.

ಇಂತಹ ಯಂತ್ರ ಏತಕ್ಕೆ ಸೋತಿತು? ಸಿದ್ಧಪಡಿಸಿದವರು ಅಸಮರ್ಥರೆಂದು ಹೇಳಲಾಗದು. ಅದರ ಮಿದುಳು 32 ಬಿಟ್ಟಿನ ಹಿಟಾಚಿ ಸಂಸ್ಕಾರಕ. ಅಂದಿಗೆ ಅದೇನೂ ಹಳೆಯ ಸಾಮಗ್ರಿಯಲ್ಲ. ಆದರೆ ಸೋನಿಯ ಪ್ಲೇಸ್ಟೇಷನ್ ಹಿಂದಿನ ವರ್ಷವೇ ಮಾರುಕಟ್ಟೆಗೆ ಬಂದಿತ್ತು. 1995ರ ಜುಲೈಯಲ್ಲಿ ಅದರ ಬೆಲೆ 29,800 ಯೆನ್ನಿಗೆ ಇಳಿದಿತ್ತು. ಇನ್ನು 4,800 ಯೆನ್ ಸೇರಿಸಿದರೆ ದಿನದಿನಕ್ಕೂ ಹೊಸ ಆಟಗಳು ಬರುತ್ತಿದ್ದ ಯಂತ್ರ ದೊರೆಯುವಾಗ, ಸುಮಾರು ಹತ್ತೇ ಆಟಗಳಿಗೆ ಮುಗಿದುಹೋದ ಲೂಪಿಯನ್ನು ಎಷ್ಟು ಮನೆಗಳು ಕೊಂಡಾವು? ಮೇಲಾಗಿ ಅಂಟುಚೀಟಿಯ ಸುರುಳಿ ಮುಗಿದಂತೆಲ್ಲ ಮತ್ತೆ ಹಣ ತೆರಬೇಕು.

"ಹುಡುಗಿಯರಿಗೆ ಇಂತಹ ಯಂತ್ರಗಳಲ್ಲಿ ಆಸಕ್ತಿಯಿಲ್ಲ, ಆದುದರಿಂದ ಸೋತಿತು" ಎಂದು ತೀರ್ಪು ಹೇಳುವವರು ಇಲ್ಲದೆ ಇಲ್ಲ. ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಅದೇ 1995ರ ಜುಲೈಯಲ್ಲಿ ಅಟ್ಲಸ್ ಮತ್ತು ಸೆಗಾ ಸಂಸ್ಥೆಗಳು 'ಪ್ರಿಂಟ್ ಕ್ಲಬ್' ಎಂಬ ಫೋಟೋ ಗೂಡನ್ನು ಜಪಾನಿನಲ್ಲಿ ಪ್ರಾರಂಭಿಸಿದ್ದುವು. ನಾಣ್ಯ ಹಾಕಿ ಗೆಳತಿಯರೊಡನೆ ನಿಂತರೆ ಸಾಕು. ಮುಖಗಳ ಚಿತ್ರ ಅಂಟುಚೀಟಿಯಾಗಿ ಹೊರಬರುತ್ತಿತ್ತು. ಅದರ ಕಲ್ಪನೆ ಅಟ್ಲಸ್‌ನ ಉದ್ಯೋಗಿ ಸಸಾಕಿ ಮಿಹೊ ಎಂಬ ಮಹಿಳೆಯದು. ಶಾಲೆಯ ಹುಡುಗಿಯರು ಈ ಗೂಡುಗಳ ಮುಂದೆ ಸಾಲುಗಟ್ಟಿ ನಿಂತರು. ಅಂಟುಚೀಟಿಯ ಆಸೆಯೂ ಇತ್ತು, ತೆರಲು ಹಣವೂ ಇತ್ತು, ಯಂತ್ರದ ಭಯವಂತೂ ಇರಲಿಲ್ಲ. ಒಂದು ಕಡೆ 25,000 ಯೆನ್, ಇನ್ನೊಂದು ಕಡೆ ಕೆಲವು ನಾಣ್ಯಗಳು. ಒಂದು ಕಡೆ ಮನೆಯ ಟೆಲಿವಿಷನ್ನಿನ ಮುಂದೆ ಏಕಾಂತ, ಇನ್ನೊಂದು ಕಡೆ ಗೆಳತಿಯರ ನಗು. ವ್ಯತ್ಯಾಸವಿದ್ದದ್ದು ಇಲ್ಲಿ. ಲೂಪಿಯನ್ನು ಮರೆತುಬಿಟ್ಟರೆ ಈ ಹೋಲಿಕೆಗೂ ಆಸ್ಪದವಿಲ್ಲ. ಹುಡುಗಿಯರ ಮೇಲಿನ ಅಪವಾದ ಮಾತ್ರ ಉಳಿಯುತ್ತದೆ.

ಸೋಲನ್ನು ಸರಿಯಾಗಿ ಓದಿದರೆ ಏನು ಫಲವೆಂಬುದಕ್ಕೆ ಇದೇ ಕ್ಯಾಸಿಯೋ ಸಂಸ್ಥೆಯ ಚರಿತ್ರೆಯಲ್ಲಿ ಉತ್ತರವಿದೆ. 1987ರಲ್ಲಿ ಅದು ವಿಎಸ್-101 ಎಂಬ ವಿದ್ಯುನ್ಮಾನ ಕ್ಯಾಮೆರಾವನ್ನು ತಂದು ಸೋತಿತ್ತು. ಅದರ ತಂತ್ರಜ್ಞರು ಕೈಕಟ್ಟಿ ಕೂರಲಿಲ್ಲ. 1995ರ ಮಾರ್ಚಿನಲ್ಲಿ ಬಂದ ಅವರ ಕ್ಯೂವಿ-10, ತೆಗೆದ ಚಿತ್ರವನ್ನು ಬೆನ್ನಿನ ಮೇಲಿನ ಪುಟ್ಟ ಪರದೆಯಲ್ಲಿ ಕೂಡಲೇ ತೋರಿಸಿತು. ಡಿಜಿಟಲ್ ಕ್ಯಾಮೆರಾ ಜನಸಾಮಾನ್ಯರ ವಸ್ತುವಾಗಲು ದಾರಿ ಮಾಡಿತು. ಟೋಕಿಯೋದ ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯವು 2012ರಲ್ಲಿ ಅದನ್ನು ಸಂರಕ್ಷಣೆಗೆ ಅರ್ಹವಾದ ತಾಂತ್ರಿಕ ನಿಧಿಗಳ ಪಟ್ಟಿಗೆ ಸೇರಿಸಿತು. ಈ ಗೌರವ ನ್ಯಾಯವಾದದ್ದೇ. ಆದರೆ ಆ ಗೆಲುವಿನ ಮೆಟ್ಟಿಲು ವಿಎಸ್-101ರ ಸೋಲೆಂಬುದನ್ನು ಹೇಳದಿದ್ದರೆ, ನೋಡಲು ಬಂದ ವಿದ್ಯಾರ್ಥಿಗೆ ಅರ್ಧ ಪಾಠ ಮಾತ್ರ ದೊರೆತಂತಾಗುತ್ತದೆ.

ವಿಳಂಬಕ್ಕೆ ಅವಕಾಶವಿಲ್ಲವೆಂಬುದು ನಮ್ಮ ಕೊನೆಯ ಮಾತು. ಲೂಪಿಯ ಆಟಗಳನ್ನು ನಕಲು ಮಾಡಿ ಇಂದಿನ ಕಂಪ್ಯೂಟರಿನಲ್ಲಿ ಉಳಿಸಬಹುದು. ಆದರೆ ಬಿಸಿಯಾದ ಮುದ್ರಣಶಿರ, ಬಣ್ಣ, ಅಂಟು ಸವರಿದ ಕಾಗದ, ಇವು ಯಾವ ಕಂಪ್ಯೂಟರಿನೊಳಗೂ ಉಳಿಯುವಂಥವಲ್ಲ. ಅಂಟು ಒಣಗುತ್ತದೆ, ಬಣ್ಣ ಮಾಸುತ್ತದೆ. ಉಳಿದ ಯಂತ್ರ ಚಿತ್ರ ತೋರಿಸೀತು, ಮುದ್ರಿಸದು. ವಿಜ್ಞಾನದ ವಸ್ತುಸಂಗ್ರಹಾಲಯಗಳು ಗೆದ್ದ ಯಂತ್ರದ ಪಕ್ಕದಲ್ಲಿ ಸೋತ ಯಂತ್ರಕ್ಕೂ ಒಂದು ಮೊಳ ಜಾಗ ಕೊಡಲಿ. ಪ್ರಯೋಗಶಾಲೆಯಲ್ಲಿ ವಿಫಲವಾದ ಪ್ರಯೋಗವನ್ನೂ ದಾಖಲಿಸುವಂತೆ, ಮಾರುಕಟ್ಟೆಯಲ್ಲಿ ವಿಫಲವಾದುದನ್ನೂ ದಾಖಲಿಸಲಿ. ಸಾಕ್ಷಿಯನ್ನು ಕೇಳದೆ ತೀರ್ಪು ಹೇಳುವುದು ನ್ಯಾಯಾಲಯಕ್ಕೆ ಹೇಗೋ, ವಿಜ್ಞಾನಕ್ಕೂ ಹಾಗೆಯೇ ಸಲ್ಲದು.